ನೇತ್ರಾಣಿಯಲ್ಲಿ ಕಿವಿ ಕಲಿಸಿದ ಪಾಠ

ಮುರುಡೇಶ್ವರದ ದಡದಿಂದ ನೇತ್ರಾಣಿ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್. ದೋಣಿ ಹೊರಟು ಎಷ್ಟೋ ಹೊತ್ತಾದರೂ ಹಿಂದೆ 20 ಅಂತಸ್ತಿನ ರಾಜಗೋಪುರ ಕಾಣುತ್ತಲೇ ಇತ್ತು. ಆಫೀಸಿನ ನಾವು ನಾಲ್ವರು ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ ಹತ್ತಿ ಸ್ಕೂಬಾ ಡೈವಿಂಗ್‌ಗೆ ಅಂತ ಬಂದಿದ್ದೆವು. ಮೂವರೂ ನೀರೊಳಗೆ ತೆಗೆಸಬೇಕಾದ ವಿಡಿಯೊ ಬಗ್ಗೆ ಮಾತಾಡ್ತಿದ್ರು. ನಾನು ಸುಮ್ಮನಿದ್ದೆ.

ಬೆಳಿಗ್ಗೆ ತುಂಬಿಕೊಟ್ಟ ಫಾರ್ಮ್ ತಲೆಯಲ್ಲಿ ಕೊರೆಯುತ್ತಿತ್ತು. ಶೀತ, ಮೂಗು ಕಟ್ಟುವುದು, ಕಿವಿ ತೊಂದರೆ ಇದೆಯೇ ಎಂಬಲ್ಲಿ ‘ಇಲ್ಲ’ ಅಂತ ಟಿಕ್ ಹಾಕಿದ್ದೆ. ಮೂರು ದಿನದಿಂದ ಶೀತ ಇತ್ತು. ಆದರೆ ದುಡ್ಡು ಕಟ್ಟಿಯಾಗಿತ್ತು. ಬರೀ ನೆಗಡಿಗೆ ಹೆದರಿದ ಅಂತ ಗೆಳೆಯರು ವರ್ಷವಿಡೀ ಕಾಲೆಳೆಯೋದು ಗ್ಯಾರಂಟಿ.

ದ್ವೀಪದ ಬಂಡೆಗಳ ಪಕ್ಕ ದೋಣಿ ನಿಂತಿತು. ನೀರು ಎಷ್ಟು ತಿಳಿಯಾಗಿತ್ತೆಂದರೆ ಮೇಲಿಂದಲೇ ಮೀನುಗಳು ಕಾಣುತ್ತಿದ್ದವು. ತರಬೇತುದಾರರು ನನ್ನ ಸಿಲಿಂಡರ್ ಹಿಡಿದು ಹಗ್ಗದ ಗುಂಟ ನಿಧಾನಕ್ಕೆ ಇಳಿಸಿದರು. ಒಂದು ಮೀಟರ್, ಆರಾಮ. ಎರಡು ಮೀಟರಿಗೆ ಕಿವಿ ಬಿಗಿಯಿತು. ಹೇಳಿಕೊಟ್ಟಂತೆ ಮೂಗು ಹಿಡಿದು ಮೆಲ್ಲಗೆ ಊದಿದೆ. ಬಲಗಿವಿ ‘ಟಕ್’ ಅಂತ ಬಿಟ್ಟಿತು, ಎಡಗಿವಿ ಬಿಡಲಿಲ್ಲ. ‘ಓಕೆನಾ?’ ಎಂದು ಸನ್ನೆಯಲ್ಲಿ ಕೇಳಿದರು. ನಾನು ಎರಡನೇ ಸಲ ಸುಳ್ಳು ಹೇಳಿದೆ: ಓಕೆ.

ಮೂರು ಮೀಟರಿಗೆ ಕಿವಿಯೊಳಗೆ ಸೂಜಿ ಚುಚ್ಚಿದ ಹಾಗಾಯಿತು. ನನ್ನ ಮುಖ ನೋಡಿದವರೇ ಸ್ವಲ್ಪ ಮೇಲಕ್ಕೆಳೆದು, ಮತ್ತೆ ಊದಿಸಿ, ಮತ್ತೆ ಇಳಿಸಿದರು. ಮೂರು ಸಲ ಹೀಗೇ ಆಯಿತು. ಆಮೇಲೆ ಹೆಬ್ಬೆರಳು ಎತ್ತಿದರು. ನೀರೊಳಗೆ ಅದರ ಅರ್ಥ ‘ಸೂಪರ್’ ಅಲ್ಲ, ‘ಮೇಲೆ ಹೋಗೋಣ’ ಅಂತ.

ದೋಣಿಯಲ್ಲಿ ಕೂರಿಸಿ ಕೇಳಿದರು: “ಎಂತ ಸರ್, ಶೀತ ಉಂಟಲ್ಲ?”

ತಲೆ ಆಡಿಸಿದೆ.

“ಮೊದಲೇ ಹೇಳ್ಬೇಕಿತ್ತು. ಜಬರ್ದಸ್ತಿ ಇಳಿದ್ರೆ ಕಿವಿತಮಟೆ ಹರೀತದೆ. ತಣ್ಣೀರು ಒಳಗೆ ಹೋದ್ರೆ ತಲೆ ತಿರುಗಿ ಮೇಲೆ ಯಾವುದು, ಕೆಳಗೆ ಯಾವುದು ಅಂತಲೂ ಗೊತ್ತಾಗೋದಿಲ್ಲ.” ಬೈಗುಳಕ್ಕಿಂತ ಅವರ ತಣ್ಣಗಿನ ದನಿಯೇ ಹೆಚ್ಚು ನಾಟಿತು.

ಗೆಳೆಯರು ಕೆಳಗೆ, ನಾನೊಬ್ಬ ಮೇಲೆ. ಕೂತಲ್ಲಿ ನೆನಪಾಗಿದ್ದು ತಿಪಟೂರಿನ ಕಡೆಯ ನಮ್ಮ ಅಜ್ಜಿ ಮನೆ ತೋಟದ ಬಾವಿ. ಬೇಸಿಗೆ ರಜೆಯಲ್ಲಿ ಮಾವ ಅಲ್ಲೇ ಈಜು ಕಲಿಸಿದ್ದು. ನೀರಿಗೆ ನಾಣ್ಯ ಎಸೆದು ‘ತಗೊಂಡ್ ಬಾ’ ಅನ್ನೋರು. ಮುಳುಗಿದಾಗ ಇದೇ ನೋವು. “ಮೂಗ್ ಹಿಡ್ಕೊಂಡು ಊದೋ, ಕಿವಿ ಬಿಡುತ್ತೆ” ಅಂತ ಮಾವ ಕಲ್ಲುಕಟ್ಟೆ ಮೇಲಿಂದ ಕೂಗೋರು. ಅಷ್ಟು ಚಿಕ್ಕ ಬಾವಿಯಲ್ಲೂ ಅದೇ ನೋವು, ಇಷ್ಟು ದೊಡ್ಡ ಅರಬ್ಬಿ ಸಮುದ್ರದಲ್ಲೂ ಅದೇ ನೋವು ಹೇಗೆ?

ಎಂಜಿನಿಯರಿಂಗ್‌ನಲ್ಲಿ ಸೂತ್ರ ಬರೆದು ಅಂಕ ತಗೊಂಡಿದ್ದೆ, ಅರ್ಥವಾಗಿದ್ದು ಅವತ್ತು. ಮದುವೆ ಛತ್ರದಲ್ಲಿ ಪೇರಿಸಿಟ್ಟ ಹಾಸಿಗೆಗಳನ್ನು ನೋಡಿ. ಮೇಲಿನದಕ್ಕೆ ಭಾರವೇ ಇಲ್ಲ, ತೀರಾ ಕೆಳಗಿನದು ಎಲ್ಲವನ್ನೂ ಹೊತ್ತು ಅಪ್ಪಚ್ಚಿ. ನೀರೂ ಹಾಗೇ, ಒಂದೊಂದು ಪದರವೂ ತನ್ನ ಮೇಲಿನ ಅಷ್ಟೂ ಪದರಗಳನ್ನು ಹೊರುತ್ತದೆ. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಹತ್ತು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದರೆ ಅದು ಸರಿಯಾಗಿ ಒಂದು ಲೀಟರ್, ಅಂದರೆ ಒಂದು ಕಿಲೋ. ನಮ್ಮ ಮೇಲೆ ಸದಾ ಇರುವ ಗಾಳಿಯ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಹತ್ತು ಮೀಟರ್ ಇಳಿದರೆ ಒತ್ತಡ ಎರಡರಷ್ಟು, ಇಪ್ಪತ್ತಕ್ಕೆ ಮೂರರಷ್ಟು.

ಹಾಸಿಗೆ ಕೆಳಕ್ಕೆ ಮಾತ್ರ ಒತ್ತುತ್ತದೆ, ಹರಿಯುವ ನೀರು ಎಲ್ಲ ದಿಕ್ಕಿಗೂ ಒತ್ತುತ್ತದೆ. ಅದಕ್ಕೇ ತಲೆಯ ಪಕ್ಕದಲ್ಲಿರುವ ಕಿವಿಗೂ ಬಿಡುಗಡೆ ಇಲ್ಲ. ಅಗಲ ಮಾತ್ರ ಲೆಕ್ಕಕ್ಕೇ ಬರುವುದಿಲ್ಲ. ಅಕ್ಕಪಕ್ಕದ ನೀರಿನ ಭಾರವನ್ನು ಅದರ ಕೆಳಗಿನ ನೆಲ ಹೊರುತ್ತದೆ, ನನ್ನ ಕಿವಿಯಲ್ಲ. ಉಪ್ಪಿನಿಂದಾಗಿ ಸಮುದ್ರದ ನೀರು ನೂರಕ್ಕೆ ಎರಡು ಮೂರು ಪಾಲು ಹೆಚ್ಚು ಭಾರ, ಅಷ್ಟೇ ವ್ಯತ್ಯಾಸ.

ಮೈಯೆಲ್ಲ ಬಹುಪಾಲು ನೀರೇ ಆದ್ದರಿಂದ ಅದು ಕುಗ್ಗುವುದಿಲ್ಲ. ಕುಗ್ಗುವುದು ಒಳಗಿನ ಗಾಳಿ. ಕಿವಿತಮಟೆಯ ಹಿಂದಿನ ಗಾಳಿಗೆ ಗಂಟಲಿನ ಕಡೆಯಿಂದ ಒಂದು ಸಣ್ಣ ಕೊಳವೆ ಇದೆ. ಊದಿದಾಗ ಹೊಸ ಗಾಳಿ ಅದರ ಮೂಲಕ ಹೋಗಿ ಹೊರಗಿನ ಒತ್ತಡಕ್ಕೆ ಸಮನಾಗುತ್ತದೆ. ನೆಗಡಿಯಲ್ಲಿ ಆ ಕೊಳವೆಯೇ ಬಾತು ಮುಚ್ಚಿರುತ್ತದೆ. ಮೂರು ಮೀಟರಿಗೆ ಪ್ರತಿ ಚದರ ಸೆಂಟಿಮೀಟರ್ ಮೇಲೆ 300 ಗ್ರಾಂ. ಧೈರ್ಯದಿಂದ ಅದನ್ನು ತಡೆಯುತ್ತೇನೆ ಅಂದುಕೊಂಡಿದ್ದು ನನ್ನ ದಡ್ಡತನ.

ಎರಡು ತಿಂಗಳ ನಂತರ ಒಬ್ಬನೇ ಮತ್ತೆ ಹೋದೆ. ಈ ಸಲ ಫಾರ್ಮಿನಲ್ಲಿ ಬರೆದಿದ್ದೆಲ್ಲ ನಿಜ. ನೋವು ಬರುವ ಮೊದಲೇ, ಅರ್ಧರ್ಧ ಮೀಟರಿಗೆ ಊದುತ್ತಾ ಇಳಿದೆ. ‘ಟಕ್, ಟಕ್’. ಎಂಟು ಮೀಟರ್ ಆಳದಲ್ಲಿ ಬಂಡೆಯ ಪಾಚಿ ಕೆರೆಯುತ್ತಿದ್ದ ಗಿಣಿಮೀನನ್ನು ನೋಡುತ್ತಾ ನಿಂತೆ. ಹತ್ತುವಾಗ ಒತ್ತಡ ಇಳಿದು ಎದೆಯೊಳಗಿನ ಗಾಳಿ ಹಿಗ್ಗುತ್ತದೆ, ಉಸಿರು ಮಾತ್ರ ಹಿಡಿಯಬೇಡಿ ಎಂದಿದ್ದರು. ಉಸಿರಾಡುತ್ತಲೇ ನಿಧಾನಕ್ಕೆ ಮೇಲೆ ಬಂದೆ.

ದಡಕ್ಕೆ ಬಂದವನೇ ಮಾವನಿಗೆ ಫೋನ್ ಮಾಡಿದೆ. “ನೀವು ಹೇಳ್ಕೊಟ್ಟಿದ್ದೇ ಇಲ್ಲೂ ಕೆಲಸಕ್ಕೆ ಬಂತು ಮಾವ. ನಮ್ಮ ಬಾವಿಲಿ ಈಗ ನೀರು ಎಷ್ಟಾಳ ಇದೆ?”

ಮಾವ ನಕ್ಕರು. “ನೀರೆಲ್ಲಿ ಅಳಿಯಾ? ಸುತ್ತ ಬೋರ್‌ವೆಲ್ ಬಂದ್ಮೇಲೆ ತಳದ ಕಲ್ಲು ಕಾಣ್ತದೆ. ನೀನು ತರಲಾಗದೆ ಬಿಟ್ಟಿದ್ದ ನಾಣ್ಯ ಬೇಕಾದ್ರೆ ಬಂದು ಎತ್ಕೊಂಡು ಹೋಗು.”