ಮೇಲೊಂದು ಗಾಳಿ, ಕೆಳಗೊಂದು ಗಾಳಿ

ಬಣ್ಣಾರಿ ಅಮ್ಮನ ಗುಡಿ ದಾಟಿದರೆ ದಿಂಬಂ ಘಾಟಿ. 27 ಹೇರ್‌ಪಿನ್ ತಿರುವು. ಕೆಳಗೆ ಬಸ್ಸಿನ ತುಂಬ ತಮಿಳಿತ್ತು. ಹಾಸನೂರು ಕಳೆದು ತಾಳವಾಡಿ ಹತ್ತಿರವಾದಂತೆ ಕನ್ನಡವೇ ಹೆಚ್ಚಾಯಿತು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ರಾಜಕುಮಾರರ ಗಾಜನೂರು ಇಲ್ಲೇ ಪಕ್ಕದಲ್ಲಿದೆ. ಆದರೆ ನನ್ನ ಕಣ್ಣು ಆ ಸಂಜೆ ನೆಲದ ಗಡಿಯ ಮೇಲಿರಲಿಲ್ಲ.

ಆಗಸ್ಟ್ ಕೊನೆ. ಪರಿಚಯದವರ ಕೋಸಿನ ಹೊಲದ ಬದಿಯಲ್ಲಿ ಬಂಡೆಯ ಮೇಲೆ ಅಂಗಾತ ಮಲಗಿದ್ದೆ. ನೀಲಗಿರಿ ಕಡೆಯಿಂದ ಬೂದು ಮೋಡಗಳು ಪೂರ್ವಕ್ಕೆ ಓಡುತ್ತಿದ್ದವು. ಅವುಗಳ ಸಂದಿಯಲ್ಲಿ, ಬಲು ಎತ್ತರದಲ್ಲಿ, ಹಿಂಜಿದ ಅರಳೆಯಂಥ ಬಿಳಿ ಎಳೆಗಳು. ಅವು ಪಶ್ಚಿಮಕ್ಕೆ ಹೋಗುತ್ತಿದ್ದವು! ಕಣ್ಣಿನ ಭ್ರಮೆಯಿರಬೇಕು, ಮೋಡ ಓಡಿದರೆ ಚಂದ್ರನೇ ಓಡಿದಂತೆ ಕಾಣುವುದಿಲ್ಲವೇ ಅಂದುಕೊಂಡೆ. ತೆಂಗಿನ ಗರಿಯ ತುದಿಗೆ ಎಳೆಯೊಂದನ್ನು ತಾಳೆ ಹಿಡಿದು ನೋಡಿದೆ. ಭ್ರಮೆಯಲ್ಲ. ಎರಡೇ ನಿಮಿಷದಲ್ಲಿ ಎಳೆ ಗರಿಯನ್ನು ಬಿಟ್ಟು ಪಡುವಣಕ್ಕೆ ಸರಿದಿತ್ತು.

ಆ ಎಳೆಗಳು ನಾವು ಶಾಲೆಯಲ್ಲಿ ಓದಿದ ಹಿಮಕಣ ಮೋಡಗಳು. ಮಳೆಗಾಲದಲ್ಲಿ ದಕ್ಷಿಣ ಭಾರತದ ನೆತ್ತಿಯ ಮೇಲೆ, ಸುಮಾರು 14-16 ಕಿ.ಮೀ. ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಗಾಳಿಯ ಹೊಳೆಯೊಂದು ಗಂಟೆಗೆ ನೂರು ಕಿ.ಮೀ.ಗೂ ಮೀರಿ ಹರಿಯುತ್ತದೆ. ಈ ಪೂರ್ವದ ಜೆಟ್ ಗಾಳಿಯ ಬಗ್ಗೆ ನಮ್ಮ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲೇ ಪ್ರಬಂಧ ಬರೆದಿದ್ದರು. ಬಂಗಾಳ ಕೊಲ್ಲಿಯ ಗುಡುಗು ಮೋಡಗಳ ನೆತ್ತಿಯನ್ನು ಅದು ಕಿತ್ತು ಇತ್ತ ಎಳೆದು ತರುತ್ತದೆ. ಮಳೆ ಅರಬ್ಬೀ ಸಮುದ್ರದ್ದು, ಮಂಜುಗಡ್ಡೆ ಬಂಗಾಳದ್ದು!

ಬದುವಿನ ಒಂದು ಮೂಲೆಯಲ್ಲಿ ಮಾತ್ರ ಫೋನಿಗೆ ಸಿಗ್ನಲ್. ಅಲ್ಲಿ ನಿಂತು ಇನ್‌ಸ್ಯಾಟ್ ಉಪಗ್ರಹದ ಚಿತ್ರ ತೆರೆದೆ. 36,000 ಕಿ.ಮೀ. ಮೇಲೆ ಕೂತು ಅರ್ಧ ಗಂಟೆಗೊಮ್ಮೆ ನಮ್ಮನ್ನು ನೋಡುವ ಕಣ್ಣು ಅದು. ಆ ಉಪಗ್ರಹಗಳ ಲಗಾಮು ಇರುವುದು ನಮ್ಮ ಹಾಸನದಲ್ಲಿ. ಕೊಲ್ಲಿಯ ಮೇಲೆ ಬೆಳ್ಳಗಿನ ಗುಡ್ಡೆ, ಅದರಿಂದ ಬೀಸಣಿಗೆಯಂತೆ ಹರಡಿದ ಮಸುಕು ನಮ್ಮ ತಲೆಯ ತನಕ. ಈ ಚಿತ್ರದಲ್ಲಿ ತಣ್ಣಗಿದ್ದಷ್ಟೂ ಬಿಳುಪು. ಆದರೆ ತೆಳು ಮಂಜಿನ ಮೋಡ ಉಪಗ್ರಹವನ್ನೂ ಏಮಾರಿಸುತ್ತದೆ: ನೆಲದ ಶಾಖ ಅದರೊಳಗಿಂದ ಸೋರುವುದರಿಂದ ಮೋಡ ಇರುವುದಕ್ಕಿಂತ ಬೆಚ್ಚಗೆ, ಕೆಳಗೆ ಇದ್ದಂತೆ ಕಾಣುತ್ತದೆ. ಅದಕ್ಕೇ 10.8 ಮತ್ತು 12 ಮೈಕ್ರಾನಿನ ಎರಡು ಶಾಖಕಿರಣಗಳಲ್ಲಿ ನೋಡಿ ವ್ಯತ್ಯಾಸ ಅಳೆಯುತ್ತಾರೆ. ಇನ್ನೂ ತೆಳುವಾದದ್ದು ಬರಿಗಣ್ಣಿಗೂ ಕಾಣದು. 2006ರಲ್ಲಿ ಹಾರಿದ ಕ್ಯಾಲಿಪ್ಸೊ ಉಪಗ್ರಹ ಲೇಸರ್ ಬಿಟ್ಟು ಅದನ್ನು ಹಿಡಿಯಿತು. ಗುಂಡಗಿನ ನೀರಹನಿ ಬೆಳಕನ್ನು ಬಂದಂತೆಯೇ ಹಿಂದಿರುಗಿಸಿದರೆ, ಮೂಲೆಗಳುಳ್ಳ ಹಿಮಹರಳು ಅದರ ಕಂಪನದ ದಿಕ್ಕನ್ನು ತಿರುಚಿ ಕಳಿಸುತ್ತದೆ. ತಿರುಪತಿ ಹತ್ತಿರದ ಗಾದಂಕಿಯಲ್ಲಿ 1998ರಿಂದ ಇದೇ ಕೆಲಸ ನೆಲದಿಂದ ನಡೆದಿದೆ.

ರಾತ್ರಿ ಆನೆ ಕಾಯುವ ಅಟ್ಟಣೆಗೆ ಹತ್ತಿದೆ. ಚಂದ್ರನ ಸುತ್ತ ದೊಡ್ಡದೊಂದು ಬಳೆ. ಕೈ ಚಾಚಿ ಗೇಣು ಹಿಡಿದೆ: ಹೆಬ್ಬೆರಳು ಚಂದ್ರನ ಮೇಲಿಟ್ಟರೆ ಕಿರುಬೆರಳು ಬಳೆ ಮುಟ್ಟಿತು. ಸುಮಾರು 22 ಡಿಗ್ರಿ. ಆರು ಮೂಲೆಯ ಹರಳು ಬೆಳಕನ್ನು ಬಾಗಿಸುವ ಅಳತೆ.

“ಚಂದ್ರ ಗುಡಿ ಕಟ್ಟವ್ನ ಸಾಮಿ. ದೊಡ್ಡ ಗುಡಿ. ಮಳ ಹತ್ರದಲ್ಲೇ ಅದ,” ಅಂದರು ಕಾವಲಿನ ಅಜ್ಜ.

ನಾನು ಬುದ್ಧಿವಂತಿಕೆ ತೋರಿಸಲು ಹೋದೆ. ಯೂರೋಪಿನಂಥ ಮಧ್ಯ ಅಕ್ಷಾಂಶದ ನಾಡುಗಳಲ್ಲಿ ಇಂಥ ಮೋಡ ಬೆಚ್ಚನೆಯ ಗಾಳಿಯ ಮುಂದಾಳಾಗಿ ಬರುತ್ತದೆ, ಹಿಂದೆಯೇ ಮಳೆ; ಅಲ್ಲಿ ಗುಡಿ ನಂಬಬಹುದು. ಇಲ್ಲಿನದು ದೂರದ ಕೊಲ್ಲಿಯಲ್ಲಿ ಸುರಿದು ಮುಗಿದ ಮಳೆಯ ಪಳೆಯುಳಿಕೆ, ನಾಳಿನದಲ್ಲ ಅಜ್ಜ, ಅಂದೆ. ಅವರು ಬೀಡಿ ಹಚ್ಚಿಕೊಂಡರು.

ಬೆಳಗಿನ ಜಾವ ತಗಡಿನ ಮೇಲೆ ಪಟಪಟ ಸದ್ದು. ಹತ್ತು ನಿಮಿಷದ ತುಂತುರು, ಅದೂ ನೀಲಗಿರಿ ಕಡೆಯಿಂದ. ಅಜ್ಜ ಕಂಬಳಿಯೊಳಗಿಂದಲೇ, “ನಾ ಯೋಳ್ನಿಲ್ವಾ,” ಅಂದರು.