ಸೀಟು ಕೇಳುವ ಸಂಕಟ

ಬಸ್ಸಲ್ಲಿ ಈಗಷ್ಟೇ ಒಬ್ಬ ಹುಡುಗ ಬಂದು, "ಸಾರ್, ಸೀಟು ಬಿಡ್ತೀರಾ?" ಅಂದ. ಕಾರಣ ಹೇಳಲಿಲ್ಲ. ಎದ್ದುಬಿಟ್ಟೆ! ಕಂಬಿ ಹಿಡಿದು ಜೋತಾಡ್ತಿದ್ದಾಗ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ನೆನಪಾದ. ಅದೇ, 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಸುಳ್ಳು ಕರೆಂಟ್ ಶಾಕ್ ಪ್ರಯೋಗ ಮಾಡಿದ ಪುಣ್ಯಾತ್ಮ. 40 ಜನರಲ್ಲಿ 26 ಮಂದಿ, ಬರೀ 'ಮುಂದುವರಿಸಿ' ಅಂದಿದ್ದಕ್ಕೆ, ಇನ್ನೊಬ್ಬನಿಗೆ ನಿಜವಾಗಿ ಶಾಕ್ ಹೊಡೀತಿದೆ ಅಂದ್ಕೊಂಡೂ 450 ವೋಲ್ಟ್‌ವರೆಗೂ ಸ್ವಿಚ್ ಒತ್ತಿದ್ದರು. ನಂಬಿ ಬಂದವರಿಗೆ ಹಾಗೆ ಬೆವರಿಳಿಸಿದ್ದು ಸರಿಯಾ ಅನ್ನೋ ಜಗಳ ಇವತ್ತಿಗೂ ನಿಂತಿಲ್ಲ.

ನನಗಿಷ್ಟ ಅವನ ಇನ್ನೊಂದು ಕಿತಾಪತಿ. 1970ರ ದಶಕದಲ್ಲಿ ಶಿಷ್ಯರನ್ನ ನ್ಯೂಯಾರ್ಕ್ ಸಬ್‌ವೇಗೆ ಕಳಿಸಿ, ಸುಮ್ನೆ ಸೀಟು ಕೇಳಿಸಿದ. ಮೂರರಲ್ಲಿ ಎರಡು ಪಾಲು ಜನ ಜಾಗ ಬಿಟ್ಟರು. ತಾನೇ ಕೇಳೋಕೆ ಹೋದಾಗ ಗಂಟಲು ಕಟ್ಟಿತಂತೆ! ಸೀಟು ಸಿಕ್ಕಮೇಲೆ ಹುಷಾರಿಲ್ಲದವನ ಹಾಗೆ ತಲೆ ಬಗ್ಗಿಸಿ ಕೂತನಂತೆ.

ಈ ಹುಡುಗ ಮಾತ್ರ ಆರಾಮಾಗಿ ರೀಲ್ಸ್ ನೋಡ್ತಿದ್ದಾನೆ. ನೀವಾಗಿದ್ರೆ ಏಳ್ತಿದ್ರಾ?