ಕಡಲತೀರಕ್ಕೂ ರಜೆ ಬೇಕಂತೆ!

ಮದುವೆಯಾದ ಹೊಸದರಲ್ಲಿ ನನ್ನಾಕೆಗೆ ಒಂದು ಮಾತು ಕೊಟ್ಟಿದ್ದೆ. 'ಒಂದು ಸಲ ವಿಮಾನ ಹತ್ತಿಸಿ, ದೂರದ ಸಮುದ್ರ ತೋರಿಸಿಕೊಂಡು ಬರ್ತೀನಿ' ಅಂತ. ಆಮೇಲೆ ಮಕ್ಕಳ ಸ್ಕೂಲ್ ಫೀಸು, ವಿಜಯನಗರದ ಮನೆಯ ಸಾಲ, ಮಗಳ ಮದುವೆ ಒಂದರ ಹಿಂದೆ ಒಂದು ಬಂದವು. ಆ ಮಾತು ನಲವತ್ತೊಂದು ವರ್ಷ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ನಾನು ರಾಜಾಜಿನಗರದ ಕಾರ್ಖಾನೆಯಿಂದ ನಿವೃತ್ತನಾಗಿದ್ದೆ, ಅವಳಿಗೆ ಮಂಡಿನೋವು ಶುರುವಾಗಿತ್ತು. ಕೊನೆಗೆ ಮಗಳೇ ಟಿಕೆಟ್ ತೆಗೆಸಿ, 'ಈ ಜನವರೀಲಿ ಹೋಗ್ಲೇಬೇಕು' ಎಂದು ಹಟ ಹಿಡಿದಳು. ನಾಲ್ಕು ದಿನ ಬ್ಯಾಂಕಾಕ್, ನಾಲ್ಕು ದಿನ ಕ್ರಾಬಿಯ ಕಡಲತೀರ.

ಹೊರಡುವ ಹಿಂದಿನ ದಿನ ಆರನೇ ತರಗತಿಯ ಮೊಮ್ಮಗಳು ಒಂದು ನೋಟ್‌ಬುಕ್ ಕೈಗಿಟ್ಟಳು. 'ತಾತ, ನೋಡಿದ್ದನ್ನೆಲ್ಲ ಇದರಲ್ಲಿ ಬರ್ಕೊಂಡು ಬಾ. ಫೋಟೊ ಫೋನಲ್ಲೂ ಸಿಗುತ್ತೆ.' ಈ ಬರಹ ಆ ನೋಟ್‌ಬುಕ್ಕಿನದೇ.

ದೇವರ ಪಟ್ಟಣದಲ್ಲಿ

ಬೆಂಗಳೂರಿನಿಂದ ಬ್ಯಾಂಕಾಕಿಗೆ ಸುಮಾರು ನಾಲ್ಕು ಗಂಟೆಯ ಹಾರಾಟ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಇಳಿದ ಕೂಡಲೇ ಆಶ್ಚರ್ಯ ಕಾದಿತ್ತು. ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ! ಬ್ಯಾಂಕಾಕ್ ಎನ್ನುವುದು ಹೊರಗಿನವರು ಕರೆಯುವ ಹೆಸರು. ಥಾಯ್ ಜನ ತಮ್ಮ ರಾಜಧಾನಿಯನ್ನು 'ಕ್ರುಂಗ್ ಥೇಪ್ ಮಹಾನಖೋನ್' ಎನ್ನುತ್ತಾರೆ. ಥೇಪ್ ಅಂದರೆ ದೇವ, ಮಹಾನಖೋನ್ ಅಂದರೆ ಮಹಾನಗರ. ಪೂರ್ತಿ ಹೆಸರು ಇನ್ನೂ ಉದ್ದ. ಜಗತ್ತಿನಲ್ಲೇ ಅತಿ ಉದ್ದದ ಊರಿನ ಹೆಸರು ಅದು. ಅದರೊಳಗೆ ನವರತ್ನ, ಅಯೋಧ್ಯೆ, ವಿಶ್ವಕರ್ಮ ಎಲ್ಲರೂ ಇದ್ದಾರೆ. ಎದುರಾದವರೆಲ್ಲ ಕೈಮುಗಿದು 'ಸವಾದ್ದೀ' ಎನ್ನುತ್ತಾರೆ. ಅದು ನಮ್ಮ 'ಸ್ವಸ್ತಿ'ಯಿಂದಲೇ ಹುಟ್ಟಿದ ಪದ.

ಈ ನಗರವನ್ನು 1782ರಲ್ಲಿ ರಾಜಧಾನಿ ಮಾಡಿದ ಅರಸನನ್ನು ಒಂದನೇ ರಾಮ ಎನ್ನುತ್ತಾರೆ. ಈಗಿನ ದೊರೆ ಹತ್ತನೇ ರಾಮ. ಅರಮನೆ ಆವರಣದ ಪಚ್ಚೆ ಬುದ್ಧನ ಗುಡಿಯ ಸುತ್ತಿನ ಗೋಡೆಗಳ ಮೇಲೆ ಇಡೀ ರಾಮಾಯಣ ಬಣ್ಣದಲ್ಲಿದೆ. 178 ಚಿತ್ರಗಳು! ಅವರ ರಾಮಾಯಣಕ್ಕೆ ರಾಮಕಿಯೆನ್ ಎಂದು ಹೆಸರು. ನನ್ನಾಕೆ ಮಂಡಿನೋವು ಮರೆತು ಗೋಡೆಯುದ್ದಕ್ಕೂ ನಡೆದಳು. ಆದರೆ ಒಂದು ಕಥೆ ಕೇಳಿ ಬೆಚ್ಚಿಬಿದ್ದಳು. ಲಂಕೆಗೆ ಸೇತುವೆ ಕಟ್ಟುವಾಗ ಹಾಕಿದ ಕಲ್ಲುಗಳನ್ನು ಮೀನುಗಳು ಕದ್ದೊಯ್ಯುತ್ತಿದ್ದವಂತೆ. ಅವುಗಳ ಒಡತಿ ರಾವಣನ ಮಗಳು, ಮತ್ಸ್ಯಕನ್ಯೆ ಸುವಣ್ಣಮಚ್ಚಾ, ಅಂದರೆ ಸುವರ್ಣಮತ್ಸ್ಯ. ಅವಳನ್ನು ಹಿಡಿಯಲು ನೀರಿಗೆ ಧುಮುಕಿದ ಹನುಮಂತ ಅವಳನ್ನೇ ಮೆಚ್ಚಿಬಿಟ್ಟ! ಅವರಿಗೊಬ್ಬ ಮಗನೂ ಹುಟ್ಟಿದ.

'ನಮ್ಮ ಗಾಳಿ ಆಂಜನೇಯನಿಗೆ ಮಾತ್ರ ಇದನ್ನ ಹೇಳ್ಬೇಡಿ' ಎಂದು ನನ್ನಾಕೆ ಕೆನ್ನೆ ಬಡಿದುಕೊಂಡಳು. ಮೈಸೂರು ರಸ್ತೆ ಬ್ಯಾಟರಾಯನಪುರದ ಗಾಳಿ ಆಂಜನೇಯ ಅವಳ ಇಷ್ಟದೈವ. ಮದುವೆಗೆ ಮುಂಚೆ ಕೆಂಗೇರಿಯಿಂದ ಬಸ್ಸಿನಲ್ಲಿ ಬಂದು ಪೂಜೆ ಮಾಡಿಸಿಕೊಂಡು ಹೋಗುತ್ತಿದ್ದವಳು.

ಹತ್ತಿರದ ವಾಟ್ ಫೋ ದೇಗುಲದಲ್ಲಿ ಮಲಗಿರುವ ಬುದ್ಧನ ಉದ್ದ 46 ಮೀಟರ್, ಎತ್ತರ 15 ಮೀಟರ್. ಪಾದಗಳ ಮೇಲೆ ಮುತ್ತಿನ ಚಿಪ್ಪಿನಲ್ಲಿ 108 ಮಂಗಳ ಚಿಹ್ನೆಗಳಿವೆ. ಬೆನ್ನ ಹಿಂದೆ 108 ಕಂಚಿನ ಪಾತ್ರೆಗಳ ಸಾಲು. ಒಂದೊಂದಕ್ಕೂ ಒಂದೊಂದು ನಾಣ್ಯ ಹಾಕುತ್ತಾ ಹೋಗಬೇಕು. ಆ ಟಣ್ ಟಣ್ ಸದ್ದು ಈಗಲೂ ಕಿವಿಯಲ್ಲಿದೆ. ನದಿಯ ಆಚೆ ದಡದಲ್ಲಿ ವಾಟ್ ಅರುಣ್, ನಮ್ಮ ಅರುಣೋದಯದ ಅರುಣನ ಹೆಸರಿನ ಗೋಪುರ.

ಊಟದ ಚಿಂತೆಯೂ ನೀಗಿತು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ 'ಜೇ' ಎಂದು ಬರೆದ ಅಂಗಡಿಯಲ್ಲಿ ಮಾಂಸ, ಮೀನು, ಮೊಟ್ಟೆ ಇರುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ತೆಂಗಿನಹಾಲು ಸುರಿದ ಅಂಟು ಅನ್ನ, ಪಕ್ಕದಲ್ಲಿ ಮಾವಿನ ಹೋಳು. ಇದನ್ನು ದಿನವೂ ತಿಂದೆವು.

ಮೂರನೇ ದಿನ ಚಾವೊ ಫ್ರಾಯಾ ನದಿಯಲ್ಲಿ ಕಿತ್ತಳೆ ಬಾವುಟದ ದೋಣಿ ಹತ್ತಿದೆವು. ನಮ್ಮಲ್ಲಿ ಬಿಎಂಟಿಸಿ ಬಸ್ಸಿದ್ದಂತೆ ಅಲ್ಲಿ ದೋಣಿ. ಆಫೀಸಿನವರು, ಶಾಲೆ ಮಕ್ಕಳು, ಕಾಷಾಯದ ಭಿಕ್ಷುಗಳು ಎಲ್ಲರೂ ಹತ್ತುತ್ತಾರೆ. ಒಂದು ಕಾಲಕ್ಕೆ ಇಡೀ ಬ್ಯಾಂಕಾಕ್ ಕಾಲುವೆಗಳ ಊರಾಗಿತ್ತು. ಎಷ್ಟೋ ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡಿದರು. ನಾವು ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಕಟ್ಟಿದ ಹಾಗೆ. ಆದರೆ ಈ ದೊಡ್ಡ ನದಿ ಮಾತ್ರ ಜನರ ಜೊತೆ ಉಳಿದಿದೆ. ನೀರು ಕಂದು ಬಣ್ಣ, ತಿಳಿಯೇನಲ್ಲ. ಆದರೂ ಜನ ಮೂಗು ಮುಚ್ಚಿಕೊಳ್ಳದೆ ದಡದಲ್ಲಿ ಕೂತಿದ್ದರು. ನನ್ನಾಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ನಮ್ಮ ಕೆಂಗೇರಿ ಹೊಳೆ ಪಕ್ಕ ಹೀಗೆ ಕೂತು ಎಷ್ಟು ವರ್ಷ ಆಯ್ತು!' ಎಂದಳು.

ಮೊಣಕಾಲಷ್ಟೇ ಸಮುದ್ರ

ಬ್ಯಾಂಕಾಕಿನಿಂದ ಕ್ರಾಬಿಗೆ ವಿಮಾನದಲ್ಲಿ ಒಂದೂಕಾಲು ಗಂಟೆ. ಇಲ್ಲಿರುವುದು ಅಂಡಮಾನ್ ಸಮುದ್ರ. ಇದೇ ನೀರಿನ ಪಶ್ಚಿಮಕ್ಕೆ ನಮ್ಮ ಅಂಡಮಾನ್ ದ್ವೀಪಗಳಿವೆ. ಸಮುದ್ರದೊಳಗಿಂದ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಬೆಟ್ಟಗಳು, ಹಸಿರು ನೀಲಿ ನೀರು. ನನ್ನಾಕೆ ಮೊದಲ ಸಂಜೆ ಮರಳ ಮೇಲೆ ಕೂತು, ಅಲೆ ಬಂದು ಪಾದ ತೊಳೆದಾಗಲೆಲ್ಲ ಚಿಕ್ಕ ಹುಡುಗಿಯಂತೆ ನಗುತ್ತಿದ್ದಳು. ನಲವತ್ತೊಂದು ವರ್ಷ ತಡ ಮಾಡಿದೆನಲ್ಲ ಎಂದು ನನಗೆ ಹೊಟ್ಟೆಯೊಳಗೆ ಸಂಕಟ.

ಮಾರನೇ ದಿನ ದೋಣಿಯಲ್ಲಿ ಫಿಫಿ ದ್ವೀಪಗಳಿಗೆ ಹೋದೆವು. ಅಲ್ಲಿನ ಮಾಯಾ ಕೊಲ್ಲಿ ಬಹಳ ಹೆಸರುವಾಸಿ. ಮೂರು ಕಡೆ ಬೆಟ್ಟ, ನಡುವೆ ಅರ್ಧಚಂದ್ರದಂಥ ಬಿಳಿ ಮರಳು. 2000ನೇ ಇಸವಿಯಲ್ಲಿ ಬಂದ ಒಂದು ಹಾಲಿವುಡ್ ಸಿನಿಮಾದಲ್ಲಿ ಈ ತೀರ ಕಾಣಿಸಿಕೊಂಡ ಮೇಲೆ ಜಗತ್ತೆಲ್ಲ ಇಲ್ಲಿಗೆ ಮುಗಿಬಿತ್ತು. ದಿನಕ್ಕೆ ಐದು ಸಾವಿರದಷ್ಟು ಜನ, ಸಾಲುಸಾಲು ದೋಣಿ. ದೋಣಿಗಳ ಲಂಗರು ಬಿದ್ದು ತಳದ ಹವಳ ಮುರಿಯಿತು. ಹವಳ ಕಲ್ಲಲ್ಲ ಮಕ್ಕಳೇ, ಪುಟ್ಟ ಪುಟ್ಟ ಜೀವಿಗಳು ಸೇರಿ ಕಟ್ಟಿಕೊಂಡ ಮನೆ. ಅದು ಬಹಳ ನಿಧಾನವಾಗಿ ಬೆಳೆಯುತ್ತದೆ. ಹವಳದ ದಿಬ್ಬ ಹಾಳಾದರೆ ಅಲ್ಲಿ ಆಸರೆ ಪಡೆದ ಮೀನುಗಳಿಗೂ ನೆಲೆ ತಪ್ಪುತ್ತದೆ.

2018ರ ಜೂನ್‌ನಲ್ಲಿ ಥಾಯ್ಲೆಂಡ್ ಸರ್ಕಾರ ಈ ತೀರವನ್ನೇ ಮುಚ್ಚಿತು. ಮೊದಲು ನಾಲ್ಕು ತಿಂಗಳಿಗೆ ಎಂದರು. ಅಷ್ಟು ಸಾಲದು ಎಂದು ತಿಳಿದ ಮೇಲೆ ಮುಂದುವರಿಸಿದರು. ಕೊನೆಗೆ ತೆರೆದದ್ದು 2022ರ ಜನವರಿಯಲ್ಲಿ, ಮೂರೂವರೆ ವರ್ಷದ ನಂತರ! ಆ ಬಿಡುವಿನಲ್ಲಿ ಮುರಿದ ಹವಳದ ಜಾಗದಲ್ಲಿ ಹೊಸ ತುಂಡುಗಳನ್ನು ನಾಟಿ ಮಾಡಿದರು, ನಾವು ಗದ್ದೆಯಲ್ಲಿ ಪೈರು ನೆಡುವಂತೆ. ಓಡಿಹೋಗಿದ್ದ ಕಪ್ಪು ರೆಕ್ಕೆತುದಿಯ ಶಾರ್ಕ್ ಮೀನುಗಳು ತಾವಾಗಿಯೇ ವಾಪಸು ಬಂದವು. ಈಗಲೂ ಪ್ರತಿವರ್ಷ ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ತೀರಕ್ಕೆ ರಜೆ.

ಈಗ ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ. ಬೆಟ್ಟದ ಹಿಂದೆ ಇಳಿದು, ಮರದ ಹಲಗೆಯ ದಾರಿಯಲ್ಲಿ ನಡೆಯಬೇಕು. ಈಜುವಂತಿಲ್ಲ, ಮೊಣಕಾಲು ಮಟ್ಟದ ನೀರಿಗಷ್ಟೇ ಇಳಿಯಬಹುದು. ಒಬ್ಬ ಯುವಕ ಸ್ವಲ್ಪ ಮುಂದೆ ಹೋದಾಗ ಕಾವಲುಗಾರ ಸೀಟಿ ಊದಿ ಕರೆದ. 'ನನ್ನ ಮಂಡಿಗೆ ಇಷ್ಟೇ ನೀರು ಸಾಕು, ನನಗೇನೂ ನಷ್ಟ ಇಲ್ಲ' ಎಂದು ನನ್ನಾಕೆ ನಕ್ಕಳು. ಅಷ್ಟರಲ್ಲಿ ಅದೇ ಕಾವಲುಗಾರ ಕೈ ತೋರಿಸಿದ. ಸ್ವಲ್ಪ ದೂರದ ತಿಳಿನೀರಿನಲ್ಲಿ ಎರಡು ಕಪ್ಪು ತುದಿಗಳು ಮೆಲ್ಲಗೆ ಸುತ್ತುತ್ತಿದ್ದವು. ಶಾರ್ಕ್ ಮರಿಗಳು!

ನನ್ನಾಕೆಯ ನಗು ನಿಂತಿತು. 'ರಜೆ ಕೊಟ್ಟದ್ದಕ್ಕೆ ಇವು ಮತ್ತೆ ಬಂದ್ವು, ಅಲ್ವಾ?' ಎಂದು ಕೇಳಿ, ನೀರನ್ನೇ ನೋಡುತ್ತಾ ಹೇಳತೊಡಗಿದಳು. ಅವಳು ಚಿಕ್ಕವಳಿದ್ದಾಗ ಕೆಂಗೇರಿಯಲ್ಲಿ ವೃಷಭಾವತಿ ಮರಳ ಮೇಲೆ ಹರಿಯುತ್ತಿದ್ದಳಂತೆ. ಅಜ್ಜಿ ಮರಳಲ್ಲಿ ಗುಂಡಿ ತೋಡಿ ಒರತೆ ನೀರು ತುಂಬಿಸಿಕೊಳ್ಳುತ್ತಿದ್ದರಂತೆ. ಇವಳು ಮೊಣಕಾಲಷ್ಟು ನೀರಲ್ಲಿ ನಿಂತು ಸೆರಗಿನಲ್ಲಿ ಮೀನು ಹಿಡಿಯುತ್ತಿದ್ದಳಂತೆ. ನಲವತ್ತೊಂದು ವರ್ಷದಲ್ಲಿ ಇದನ್ನು ನನಗೆ ಹೇಳಿದ್ದು ಅದೇ ಮೊದಲು.

ನಮ್ಮ ಹೊಳೆಗೆ?

ಹಿಂತಿರುಗುವಾಗ ಸುವರ್ಣಭೂಮಿ ನಿಲ್ದಾಣದಲ್ಲಿ ಸಮುದ್ರಮಥನದ ದೊಡ್ಡ ಶಿಲ್ಪ ನೋಡಿದೆವು. ಒಂದು ಕಡೆ ದೇವರು, ಇನ್ನೊಂದು ಕಡೆ ಅಸುರರು, ನಡುವೆ ವಾಸುಕಿ. 'ಅಮೃತಕ್ಕಿಂತ ಮುಂಚೆ ಬಂದದ್ದು ವಿಷ' ಎಂದಳು ನನ್ನಾಕೆ.

ಊರಿಗೆ ಬಂದ ಮೇಲೆ ಮೊಮ್ಮಗಳು ನೋಟ್‌ಬುಕ್ ಪೂರ್ತಿ ಓದಿದಳು. ಓದಿ ಮುಗಿಸಿ ಒಂದೇ ಪ್ರಶ್ನೆ: 'ತಾತ, ಅಜ್ಜಿಯ ಹೊಳೆಗೆ ಯಾಕೆ ರಜೆ ಕೊಡಲ್ಲ?'

ಸುಲಭದ ಉತ್ತರ ನನ್ನಲ್ಲಿರಲಿಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಬಳಿ ಹುಟ್ಟುತ್ತಾಳೆ ಎನ್ನುವುದರಿಂದಲೇ ಅವಳು ವೃಷಭಾವತಿ. ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲೇ ಹರಿದು, ಕೆಂಗೇರಿ ದಾಟಿ, ಅರ್ಕಾವತಿ ಸೇರಿ, ಕೊನೆಗೆ ಕಾವೇರಿ ಸೇರುತ್ತಾಳೆ. ಮಾಯಾ ಕೊಲ್ಲಿಯನ್ನು ಕೆಡಿಸಿದ್ದು ನೋಡಲು ಬಂದವರು. ಅವರನ್ನು ತಡೆದರೆ ಸಾಕಾಯಿತು. ವೃಷಭಾವತಿಯನ್ನು ಕೆಡಿಸುತ್ತಿರುವುದು ನೋಡದೇ ಇರುವವರು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಬಚ್ಚಲು, ಕಾರ್ಖಾನೆಗಳ ನೀರು ಇಳಿಯುವುದು ಆ ಕಣಿವೆಗೇ. ಮೈಸೂರು ರಸ್ತೆಯಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕವಿದೆ. ಆದರೆ ಶುದ್ಧವಾಗದೆ ನೇರವಾಗಿ ಹೊಳೆಗೆ ಸೇರುವ ನೀರೂ ಬಹಳ. ನಾನು ದುಡಿದ ಕಾರ್ಖಾನೆ, ನಾನು ಸಾಲ ಮಾಡಿ ಕಟ್ಟಿದ ಮನೆ ಎರಡೂ ಆ ಕಣಿವೆಯಲ್ಲೇ ಇವೆ. ಮೊಮ್ಮಗಳಿಗೆ ಇದನ್ನು ಹೇಳುವಾಗ ನಾಲಿಗೆ ತಡವರಿಸಿತು. ಆದರೂ ಹೇಳಿದೆ.

ಅವಳು ಬೈಯಲಿಲ್ಲ. ನೋಟ್‌ಬುಕ್ಕಿನ ಉಳಿದ ಹಾಳೆಗಳನ್ನು ಎಣಿಸಿ, 'ಇನ್ನೂ ಇಪ್ಪತ್ತಾರು ಇವೆ' ಎಂದಳು. ಮುಂದಿನ ಭಾನುವಾರ ಮೂವರೂ ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಕೆಂಗೇರಿಗೆ ಹೋದೆವು. ಅಜ್ಜಿ ಒರತೆ ತೋಡುತ್ತಿದ್ದ ಜಾಗವನ್ನು ನನ್ನಾಕೆ ಹುಡುಕಿ ಹುಡುಕಿ ತೋರಿಸಿದಳು. ಅಲ್ಲಿ ಮರಳಿರಲಿಲ್ಲ, ಕಪ್ಪು ನೀರಿನ ಮೇಲೆ ಬಿಳಿ ನೊರೆಯಿತ್ತು. ಮೊಮ್ಮಗಳು ಒಂದು ಕೈಯಲ್ಲಿ ಮೂಗು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಬರೆದಳು: 'ಮೊದಲನೇ ದಿನ. ಅಜ್ಜಿಯ ಹೊಳೆ. ಮೀನು ಇಲ್ಲ.'

'ಮೊದಲನೇ ದಿನ ಅಂತ ಯಾಕೆ ಬರೆದೆ?' ಎಂದು ಕೇಳಿದೆ.

'ಮತ್ತೆ ಬಂದು ನೋಡ್ಬೇಕಲ್ಲ ತಾತ' ಎಂದಳು.